ಬೇಸ್ ಬಾಕ್ಸೂ ಕೀಬೋರ್ಡಿನವನ ಎಡಗೈಯೂ

"ವಿಜಯನಗರದ ಪ್ರೋಗ್ರಾಮ್ ತನಕ ನೋಡ್ತೀನಿ ಕಣಮ್ಮ. ಅಲ್ಲೂ ನಿನ್ನ ಬೇಸ್ ಕೇಳಿಸ್ಲಿಲ್ಲ ಅಂದ್ರೆ ಆಮೇಲಿಂದ ಇವ್ನೇ ಎಡಗೈಲಿ ಬಾರಿಸ್ಕೋತಾನೆ" ಎಂದು ಮೇಷ್ಟ್ರು ಕೀಬೋರ್ಡಿನವನ ಕಡೆ ಗದ್ದ ಎತ್ತಿ ತೋರಿಸಿದರು.

ಮೇಷ್ಟ್ರು ಎಂದರೆ ನಮ್ಮ ಆರ್ಕೆಸ್ಟ್ರಾದ ಯಜಮಾನರು. ಹಾಡುವವರೂ ಅವರೇ, ಹಾಡಿನ ನಡುವೆ ಮೈಕ್ ಹಿಡಿದು ಮಾತಾಡುವವರೂ ಅವರೇ. ಹಾಡಿನ ಅಡಿಯಲ್ಲಿ ದಪ್ಪ ದನಿಯಲ್ಲಿ ನಡೆಯುವ ಬೇಸ್ ಗಿಟಾರ್ ನನ್ನದು. ಸುಂಕದಕಟ್ಟೆಯ ದಿನಸಿ ಅಂಗಡಿಯೊಂದರ ಮಹಡಿಯ ರೂಮಿನಲ್ಲಿ ಆಗಷ್ಟೇ ಪ್ರಾಕ್ಟೀಸ್ ಮುಗಿದಿತ್ತು. ಕೀಬೋರ್ಡಿನವನು ನನ್ನ ಮುಖ ನೋಡಲಾಗದೆ ಮೊಬೈಲಿನಲ್ಲಿ ತಲೆ ಹುದುಗಿಸಿದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಂಡದವರಿಗೆಲ್ಲ ಗೊತ್ತು. ಆದರೆ ಅವತ್ತು ಗಿಟಾರನ್ನು ಚೀಲಕ್ಕೆ ತುಂಬಿಕೊಂಡೆ, ಯಾಕೆಂದರೆ ಮೇಷ್ಟ್ರು ಹೇಳಿದ್ದು ಸುಳ್ಳಾಗಿರಲಿಲ್ಲ.

ಹಿಂದಿನ ವಾರ ಕಾಮಾಕ್ಷಿಪಾಳ್ಯದಲ್ಲಿ, ರಸ್ತೆಗೆ ಅಡ್ಡಲಾಗಿ ಹಾಕಿದ ಸ್ಟೇಜಿನ ಮೇಲೆ ನುಡಿಸಿದ್ದೆವು. ಯಾರೋ ತೆಗೆದ ವಿಡಿಯೋ ತಂಡದ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಅದರಲ್ಲಿ ಡ್ರಮ್ಸ್ ಇದೆ, ಕೀಬೋರ್ಡ್ ಇದೆ, ಮೇಷ್ಟ್ರ ಗಂಟಲಿದೆ. ನಾನೂ ಇದ್ದೇನೆ, ತಲೆ ಕುಣಿಸುತ್ತಾ, ಬೆರಳು ಓಡಿಸುತ್ತಾ ಇದ್ದೇನೆ. ಸದ್ದು ಮಾತ್ರ ಇಲ್ಲ. ಪೆದ್ದಿಯ ಹಾಗೆ ಕಾಣುತ್ತಿದ್ದೆ.

ಕೀಬೋರ್ಡಿನಲ್ಲಿ ಬಲಗೈ ರಾಗ ನುಡಿಸುವಾಗ ಎಡಗೈಗೆ ಹೆಚ್ಚು ಕೆಲಸವಿರುವುದಿಲ್ಲ. ಆ ಕೈಗೆ ಬೇಸ್ ಕೊಟ್ಟುಬಿಟ್ಟರೆ ತಂಡಕ್ಕೆ ಒಬ್ಬ ಮನುಷ್ಯ ಕಮ್ಮಿ, ವ್ಯಾನಿನಲ್ಲಿ ಒಂದು ಸೀಟು ಖಾಲಿ. ಎಷ್ಟೋ ಆರ್ಕೆಸ್ಟ್ರಾಗಳು ಹೀಗೇ ಬೇಸ್‌ನವರನ್ನು ಕೈಬಿಟ್ಟಿವೆ. ನಾನು ವಾರವಿಡೀ ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ಹೊಲಿಗೆ ಮೆಷಿನ್ನುಗಳ ಸದ್ದಿನ ಮೇಲೆ ಸದ್ದು ಮಾಡಿ "ಬೇಗ, ಬೇಗ" ಎಂದು ಅರಚುವುದು ನನ್ನ ಉದ್ಯೋಗ. ಈ ಜಾಗ ಹೋದರೆ ನನಗೆ ಉಳಿಯುವುದು ಆ ಅರಚಾಟ ಮಾತ್ರ. ನಿಜವಾಗಿ ಹೆದರಿಕೆಯಾಯಿತು.

ಸೌಂಡ್ ಸಿಸ್ಟಮ್‌ನವರು ಇರುತ್ತಾರಲ್ಲ, ಅವರೇ ಜೋರು ಮಾಡಬಾರದೇ ಎಂದು ನೀವು ಕೇಳಬಹುದು. ಬೀದಿ ಪ್ರೋಗ್ರಾಮಿಗೆ ಬರುವ ಸಿಸ್ಟಮ್ ಚಿಕ್ಕದು. ಅದರ ಮೊದಲ ಪಾಲು ಹಾಡುವವರಿಗೆ, ಆಮೇಲೆ ಡ್ರಮ್ಸಿಗೆ, ಮಿಕ್ಕಿದ್ದರೆ ನನಗೆ. ಮಿಕ್ಕಿದ್ದನ್ನು ನಾನೆಂದೂ ಕಂಡಿಲ್ಲ. ಹಾಗಾಗಿ ಬೇಸ್‌ನವರು ಸದ್ದು ಹಿಗ್ಗಿಸುವ ತಮ್ಮ ಆಂಪನ್ನು ತಾವೇ ತರಬೇಕು ಎನ್ನುವುದು ನಮ್ಮ ತಂಡದ ಕಟ್ಟಳೆ. ನನ್ನದು ನೂರು ವ್ಯಾಟಿನ ಪುಟ್ಟ ಆಂಪ್. ಅದರೊಳಗೇ ಹತ್ತಿಂಚಿನ ಒಂದು ಸ್ಪೀಕರ್. ನೆಲದ ಮೇಲಿಟ್ಟರೆ ಅದು ನನ್ನ ಮೊಣಕಾಲಿಗೆ ಮಾತ್ರ ಸಂಗೀತ ಕೇಳಿಸುತ್ತಿತ್ತು.

ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದೆ, ಸೌಂಡ್ ಸಾಮಾನು ಬಾಡಿಗೆಗೆ ಕೊಡುವವರೊಬ್ಬರ ಗೋಡೌನ್ ಇದೆ. ಅಲ್ಲಿಗೆ ಹೋಗಿ ನನ್ನ ಕಷ್ಟ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

"ಮೇಡಂ, ಯೋಚ್ನೇನೇ ಮಾಡ್ಬೇಡಿ. ಹದಿನೈದಿಂಚಿನ ಸ್ಪೀಕರ್ ಬಾಕ್ಸ್ ಹಾಕಿ, ಐನೂರು ವ್ಯಾಟಿನ ಆಂಪ್ ಕೊಡಿ. ನೀವು ವಿಜಯನಗರದಲ್ಲಿ ಬಾರಿಸಿದ್ರೆ ರಾಜಾಜಿನಗರದಲ್ಲಿ ಪಾತ್ರೆ ಬೀಳ್ಬೇಕು."

ಆ ಮಾತಿಗೇ ನಾನು ಅರ್ಧ ಬಿದ್ದೆ. ಆ ಆಂಪಿಗೆ ಗಿಟಾರ್ ಜೋಡಿಸಿ ಒಂದು ತಂತಿ ಮೀಟಿದೆ ನೋಡಿ, ಎದೆಗೂಡು ನಡುಗಿತು. ಗೋಡೌನಿನ ತಗಡು ಗಡಗಡ ಅಂದಿತು. ಉಳಿದರ್ಧವೂ ಬಿದ್ದೆ. ಎರಡನ್ನೂ ಬಾಡಿಗೆಗೆ ಪಡೆದು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ತಂದಾಗ ನಮ್ಮನೆಯವರು ಬಾಗಿಲಲ್ಲೇ ಬಾಕ್ಸಿನ ಸುತ್ತ ಒಂದು ಸುತ್ತು ಬಂದರು.

"ಫ್ರಿಜ್ ತರೋಣ ಅಂತ ನಾನು ಹೇಳಿದ್ದು. ಇದ್ರಲ್ಲಿ ಹಾಲಿಟ್ರೆ ಕೆಡಲ್ವಾ?"

"ನೀವು ಒಂದ್ ಕಡೆ ಹಿಡೀರಿ, ಮಾತು ಆಮೇಲೆ."

ಹಿಡಿದರು. ಆಮೇಲೆ ಸುಂಕದಕಟ್ಟೆಯ ಪ್ರಾಕ್ಟೀಸ್ ರೂಮಿನ ಕಿರಿದಾದ ಮೆಟ್ಟಿಲುಗಳನ್ನು ಹತ್ತಿಸುವಷ್ಟರಲ್ಲಿ ಅವರ ತಮಾಷೆಯೆಲ್ಲ ಇಳಿದುಹೋಗಿತ್ತು.

ಪ್ರಾಕ್ಟೀಸಿನಲ್ಲಿ ಮೊದಲ ಹಾಡು ಶುರುವಾದದ್ದೇ ನನ್ನ ಜೀವ ಹಾರಿತು. ಗೋಡೌನಿನಲ್ಲಿ ಒಬ್ಬಳೇ ನುಡಿಸಿದಾಗ ಸ್ವರ್ಗವಾಗಿದ್ದ ಸದ್ದು ಡ್ರಮ್ಸು, ಕೀಬೋರ್ಡು ಸೇರಿದ ಕೂಡಲೇ ಬರೀ ಗುಂಯ್ ಗುಂಯ್ ಆಯಿತು. ಸ್ವರ ಯಾವುದೆಂದು ನನಗೇ ತಿಳಿಯುತ್ತಿಲ್ಲ. ವಾಲ್ಯೂಮ್ ಏರಿಸಿದೆ, ಗುಂಯ್ ಹೆಚ್ಚಾಯಿತು. ಇನ್ನೂ ಏರಿಸಿದೆ, ಕಿಟಕಿ ಅದುರಿತು.

"ಅಕ್ಕ, ಪಕ್ಕದಲ್ಲಿ ಲಾರಿ ನಿಲ್ಸ್ಕೊಂಡಂಗಿದೆ. ಯಾವ ಹಾಡು ಅಂತಾನೇ ಗೊತ್ತಾಗ್ತಿಲ್ಲ" ಎಂದ ಡ್ರಮ್ಸಿನವನು. ಮೇಷ್ಟ್ರು ಕೀಬೋರ್ಡಿನವನ ಎಡಗೈಯನ್ನು ಒಮ್ಮೆ ನೋಡಿದರು, ಅಷ್ಟೇ.

ಆ ವಾರ ಕೆಲಸದಿಂದ ಬಂದವಳೇ ಓದಿದೆ, ಲೆಕ್ಕ ಹಾಕಿದೆ. ತಿಳಿದದ್ದೆಲ್ಲ ಗೋಡೌನಿನ ಮಾತಿಗೆ ಉಲ್ಟಾ. ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟಾಗುವುದಿಲ್ಲ, ಮೂರು ಡೆಸಿಬೆಲ್ ಏರುತ್ತದೆ. ಕಿವಿಗೆ ಅದು "ಸ್ವಲ್ಪ ಜಾಸ್ತಿ ಆಯ್ತಾ?" ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ವ್ಯಾಟ್ ಒಂದನ್ನೇ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಎಷ್ಟು ಸ್ಪೀಕರ್ ಗಾಳಿ ತಳ್ಳುತ್ತಿವೆ, ಅವು ಕೇಳುವವರ ಕಿವಿಯ ಎತ್ತರಕ್ಕೆ ಬರುತ್ತವೆಯೇ ಎಂಬುದನ್ನೂ ನೋಡಬೇಕು. ಇನ್ನೊಂದು ವಿಷಯ: ತಂಡದ ನಡುವೆ ಬೇಸನ್ನು ಗುರುತು ಹಿಡಿಸುವುದು ಪಾತಾಳದ ಗುಡುಗಲ್ಲ, ಅದರ ಮೇಲಿನ ನಡುದನಿ. ಪಾತಾಳವನ್ನು ಡ್ರಮ್ಸಿನವನು ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಡ್ರಮ್ ಆಗಲೇ ಆಕ್ರಮಿಸಿಕೊಂಡಿರುತ್ತದೆ. ನಾನು ಗೋಡೌನಿನಲ್ಲಿ ಮನಸೋತದ್ದು ಆ ಪಾತಾಳಕ್ಕೇ.

ಶನಿವಾರ ಬಾಕ್ಸ್ ವಾಪಸ್ ಕೊಂಡೊಯ್ದೆ. ಗೋಡೌನಿನವರ ಮುಖ ಸಣ್ಣಗಾಯಿತು. ಐನೂರು ವ್ಯಾಟಿನ ಆಂಪ್ ಇರಲಿ, ಬಾಕ್ಸ್ ಬೇರೆ ಕೊಡಿ ಎಂದೆ. ಹತ್ತಿಂಚಿನ ನಾಲ್ಕು ಸ್ಪೀಕರಿರುವ ಒಂದೇ ದೊಡ್ಡ ಬಾಕ್ಸ್ ತೋರಿಸಿದರು. ದನಿ ಚೊಕ್ಕವಾಗಿತ್ತು, ಆದರೆ ಅದನ್ನು ಆ ಮೆಟ್ಟಿಲು ಹತ್ತಿಸಿ ಎಂದರೆ ನಮ್ಮನೆಯವರು ತವರಿಗೆ ಹೋಗುತ್ತಿದ್ದರು. ಕೊನೆಗೆ ಎರಡೆರಡು ಸ್ಪೀಕರಿನ ಎರಡು ಚಿಕ್ಕ ಬಾಕ್ಸ್ ಆರಿಸಿದೆ. ಒಂದರ ಮೇಲೊಂದು ನಿಲ್ಲಿಸಿದರೆ ಮೇಲಿನ ಸ್ಪೀಕರ್ ನನ್ನ ಕಿವಿಯ ಹತ್ತಿರಕ್ಕೆ ಬರುತ್ತದೆ. ಬೇಕೆಂದರೆ ಒಂದನ್ನೇ ಒಯ್ಯಬಹುದು.

ಓಮ್ಸ್ ನೋಡುವುದು ಬಾಕಿ ಇತ್ತು. ಓಮ್ಸ್ ಎಂದರೆ ಬಾಕ್ಸು ಕರೆಂಟಿಗೆ ಒಡ್ಡುವ ತಡೆ. ಈ ಆಂಪಿಗೆ ನಾಲ್ಕು ಓಮ್ಸ್ ಕೊನೆಯ ಗೆರೆ. ಅದಕ್ಕಿಂತ ಕೆಳಗಿಳಿದರೆ ಆಂಪ್ ಹೊರಲಾರದಷ್ಟು ಕರೆಂಟು ಹರಿದು ಸುಟ್ಟುಹೋಗುತ್ತದೆ. ಎಂಟೆಂಟು ಓಮ್ಸಿನ ಎರಡು ಬಾಕ್ಸನ್ನು ಒಂದೇ ಆಂಪಿಗೆ ಜೋಡಿಸಿದರೆ ಕರೆಂಟಿಗೆ ಎರಡು ದಾರಿ ಸಿಕ್ಕಿ ತಡೆ ಅರ್ಧವಾಗುತ್ತದೆ, ಸರಿಯಾಗಿ ನಾಲ್ಕು. ಐನೂರು ವ್ಯಾಟ್ ಪೂರ್ತಿ ಹೊರಬರುವುದೂ ಆಗಲೇ. ಒಂದೇ ಬಾಕ್ಸಾದರೆ ಮುನ್ನೂರರ ಆಸುಪಾಸು. ಗೋಡೌನಿನವರು ಎತ್ತಿ ತಂದ ಎರಡನೆಯ ಬಾಕ್ಸನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ.

"ಅಣ್ಣಾ, ಇದು ನಾಲ್ಕು ಓಮ್ಸಿಂದು. ಎಂಟರ ಜೊತೆ ಇದನ್ನ ಹಾಕಿದ್ರೆ ಮೂರಕ್ಕಿಂತ ಕೆಳಗೆ ಹೋಗುತ್ತೆ. ನನ್ನ ಸೀಟೂ ಹೋಗುತ್ತೆ, ನಿಮ್ಮ ಆಂಪೂ ಹೋಗುತ್ತೆ!"

"ಅಯ್ಯೋ, ಕತ್ಲಲ್ಲಿ ಕಾಣ್ಲಿಲ್ಲ ಮೇಡಂ" ಎಂದು ಒಳಗೆ ಹೋಗಿ ಸರಿಯಾದದ್ದನ್ನು ತಂದರು.

ಮರುದಿನದ ಪ್ರಾಕ್ಟೀಸಿನಲ್ಲಿ ಎರಡನ್ನೂ ಪೇರಿಸಿ, ಆಂಪಿನಲ್ಲಿ ಪಾತಾಳದ ನಾಬನ್ನು ತಿರುಗಿಸಿ ಇಳಿಸಿ, ನಡುದನಿಯನ್ನು ಸ್ವಲ್ಪ ಏರಿಸಿದೆ. ಮೊದಲ ಸಾಲಿಗೇ ಮೇಷ್ಟ್ರು ಹಾಡುತ್ತಲೇ ತಿರುಗಿ ನೋಡಿದರು. "ಅಕ್ಕ, ನನ್ನ ಎಡಗೈಗೆ ರಜ ಕೊಟ್ಬಿಟ್ಯಲ್ಲ" ಎಂದು ಕೀಬೋರ್ಡಿನವನು ಹಲ್ಲು ಕಿರಿದ. ಆ ದಿನ ಮನೆಗೆ ಬಂದು ನಮ್ಮನೆಯವರಿಗೆ ಪಾಯಸ ಮಾಡಿ ಹಾಕಿದೆ.

ನಮಗೆ ನವೆಂಬರ್ ಪೂರ್ತಿ ರಾಜ್ಯೋತ್ಸವವೇ. ವಿಜಯನಗರಕ್ಕೆ ಮೊದಲು ಕೆಂಗೇರಿಯ ಅಪಾರ್ಟ್‌ಮೆಂಟೊಂದರ ಅಂಗಳದಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಇತ್ತು. ಸ್ಟೇಜ್ ಹತ್ತಿದ ಮೇಲೆ ನಮ್ಮಲ್ಲಿ ಮೊದಲು ವಾದ್ಯಗಳಿಗೆ ಪೂಜೆ. ಮೇಷ್ಟ್ರ ಹೆಂಡತಿ ಬದುಕಿದ್ದಾಗ ಶುರು ಮಾಡಿದ ಪದ್ಧತಿ ಅದು. ತಂಡದ ಮೊದಲ ಗಾಯಕಿ ಅವರೇ ಅಂತೆ, ನಾನು ನೋಡಿಲ್ಲ. ಈಗ ಮೇಷ್ಟ್ರೇ ಸೇವಂತಿಗೆ ಹಾರ ಕಟ್ಟಿಸಿ ತರುತ್ತಾರೆ. ಡ್ರಮ್ಸಿಗೊಂದು, ಕೀಬೋರ್ಡಿಗೊಂದು, ನನ್ನ ಆಂಪಿಗೊಂದು. ಮಂಗಳ ಹಾಡುವ ತನಕ ಆ ಹೂವನ್ನು ಯಾರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಅಡ್ಡ ಬರುತ್ತದೆಂದು ಹಾರ ತೆಗೆದ ಡ್ರಮ್ಸಿನವನೊಬ್ಬನನ್ನು ಮೇಷ್ಟ್ರು ಮತ್ತೆ ಕರೆಯಲೇ ಇಲ್ಲ ಎಂದು ಕೇಳಿದ್ದೆ. ಅವತ್ತು ನನ್ನ ಹೊಸ ಬಾಕ್ಸಿಗೂ ಊದುಬತ್ತಿ ಬೆಳಗಿ, ಕುಂಕುಮ ಇಟ್ಟು, ಮೇಲಿದ್ದ ಆಂಪಿಗೆ ಹಾರ ಹಾಕಿದರು.

ಐದನೆಯ ಹಾಡಿನ ಚರಣದಲ್ಲಿ ನನ್ನ ಸದ್ದು ಫಕ್ಕನೆ ನಿಂತಿತು. ತಿರುಗಿದರೆ ಆಂಪಿನ ಕೆಂಪು ದೀಪ ಉರಿಯುತ್ತಿದೆ. ಅಪಾಯ ಕಂಡಾಗ ಆಂಪ್ ಆ ದೀಪ ಹಚ್ಚಿ ತನ್ನಷ್ಟಕ್ಕೆ ಕೆಲಸ ನಿಲ್ಲಿಸುತ್ತದೆ. ನಾನು ತಿರುಗುವ ಮೊದಲೇ ಕೀಬೋರ್ಡಿನವನ ಎಡಗೈ ಕೆಳದನಿಯ ಕೀಗಳ ಮೇಲೆ ಬಿದ್ದು ನನ್ನ ಬೇಸ್ ನುಡಿಸುತ್ತಿತ್ತು. ಕುಣಿಯುತ್ತಿದ್ದ ಜನ ಕುಣಿಯುತ್ತಲೇ ಇದ್ದರು. ಒಬ್ಬರಿಗೂ ಏನೂ ಗೊತ್ತಾಗಲಿಲ್ಲ.

"ಹೊಸ ಬಾಕ್ಸು, ಹಳೇ ಕಥೆ" ಎಂದರು ಮೇಷ್ಟ್ರು ವ್ಯಾನಿನಲ್ಲಿ. "ವಿಜಯನಗರದಲ್ಲಿ ಎಡಗೈ ರೆಡಿ ಇಟ್ಕೊಂಡಿರೋ" ಎಂದು ಅವನಿಗೆ ಹೇಳಿದ್ದು ನನಗೆ ಕೇಳಿಸಲೆಂದೇ.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಕೇಬಲ್ ಬದಲಿಸಿದೆ. ಗಿಟಾರಿನ ತೆಳು ಕೇಬಲ್ ಎಲ್ಲಾದರೂ ಬಾಕ್ಸಿಗೆ ಹೋಗಿದೆಯೇ ನೋಡಿದೆ, ಇಲ್ಲ. ಮೀಟರ್ ಹಿಡಿದು ಓಮ್ಸ್ ಅಳೆದೆ. ಒಂದೊಂದು ಬಾಕ್ಸ್ ಆರರ ಹತ್ತಿರ ತೋರಿಸಿತು, ಎರಡೂ ಸೇರಿ ಮೂರರ ಹತ್ತಿರ. ತಪ್ಪು ಸಿಕ್ಕಿತು ಎಂದುಕೊಂಡೆ. ಆಮೇಲೆ ಓದಿ ನೋಡಿದರೆ ಮೀಟರಿನಲ್ಲಿ ಯಾವಾಗಲೂ ಚೀಟಿಗಿಂತ ಕಮ್ಮಿಯೇ ಬರುವುದಂತೆ. ಎಂಟಕ್ಕೆ ಆರು ಬಂದರೆ ಸರಿಯಾಗಿಯೇ ಇದೆ ಎಂದರ್ಥ. ಗೋಡೌನಿಗೆ ಫೋನ್ ಮಾಡಿದೆ.

"ಜನರೇಟರ್ ವೋಲ್ಟೇಜು ಮೇಡಂ, ಇನ್ನೇನಿಲ್ಲ. ಸೇಫಾಗಿ ಒಂದು ಬಾಕ್ಸ್ ಕಿತ್ತಾಕಿ. ಎಂಟು ಓಮ್ಸಲ್ಲಿ ಆಂಪ್ ಆರಾಮಾಗಿರುತ್ತೆ."

ಆಂಪ್ ಆರಾಮಾಗಿರುತ್ತದೆ, ನಾನು ಮತ್ತೆ ಕೇಳಿಸುವುದಿಲ್ಲ. ಶನಿವಾರ ಮಧ್ಯಾಹ್ನ ಮನೆಯಲ್ಲೇ ಎರಡೂ ಬಾಕ್ಸ್ ಜೋಡಿಸಿ, ಒಂದೂ ಹಾಡು ಬಿಡದೆ ಇಡೀ ಪ್ರೋಗ್ರಾಮನ್ನು ನುಡಿಸಿದೆ. ಕೆಂಪು ದೀಪದ ಸುಳಿವಿಲ್ಲ. ಪಕ್ಕದ ಮನೆ ಆಂಟಿ ಕಾಂಪೌಂಡಿನಿಂದ ಇಣುಕಿ, "ಚೆನ್ನಾಗಿದೆ ಕಣೇ, ಯಾವಾಗ ನಿಲ್ಸ್ತೀಯಾ?" ಎಂದು ಕೇಳಿದರು. ತಪ್ಪು ಸಿಕ್ಕಿದ್ದರೆ ಸರಿಪಡಿಸಬಹುದಿತ್ತು. ತಪ್ಪೇ ಸಿಗದೆ ಸ್ಟೇಜ್ ಹತ್ತುವುದು ಹೇಗೆ?

ವಿಜಯನಗರದ ಸ್ಟೇಜ್ ದೊಡ್ಡದು. ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸಿದ್ದರು. ಸಂಜೆಯ ದೀಪ ಹೊತ್ತಿಸುವಾಗ ನಾನು ಎರಡೂ ಬಾಕ್ಸ್ ಪೇರಿಸಿ, ಅದುರುವಿಕೆ ಹಲಗೆಗೆ ಇಳಿಯದಿರಲೆಂದು ಕೆಳಗೆ ರಬ್ಬರ್ ಮ್ಯಾಟ್ ಹಾಸಿದೆ. ಕೆಳಗಿನ ಬಾಕ್ಸಿನ ಕೇಬಲನ್ನು ಬೇಕಾದರೆ ತಕ್ಷಣ ಕೀಳುವ ಹಾಗೆ ಕೈಗೆ ಸಿಗುವಲ್ಲಿ ಇಟ್ಟುಕೊಂಡೆ. ಮೇಷ್ಟ್ರು ತಟ್ಟೆ ಹಿಡಿದು ಬಂದರು. ಆರತಿಯಾಯಿತು. ಬಾಕ್ಸು ಅದುರಿ ಹೂ ಬೀಳಬಾರದೆಂದು ಹಾರವನ್ನು ಆಂಪಿನ ಸುತ್ತ ಎರಡು ಸುತ್ತು ಬಿಗಿಯಾಗಿ ಸುತ್ತಿ, ತುದಿ ಸಿಕ್ಕಿಸಿ, ಕಣ್ಣಿಗೊತ್ತಿಕೊಂಡರು. ನಾನೂ ಒತ್ತಿಕೊಂಡೆ. ಒಳಗೊಳಗೇ "ಇವತ್ತೊಂದು ದಿನ ಕಾಪಾಡಪ್ಪಾ" ಎಂದೆ.

ಮೊದಲ ಹಾಡು ಕುದುರಿತು. ಎರಡನೆಯದಕ್ಕೆ ಮುಂದಿನ ಸಾಲಿನ ಹೆಂಗಸರು ಎದ್ದು ನಿಂತರು. ನನ್ನ ಬೇಸ್ ನನಗೇ ಕಿವಿ ತುಂಬ ಕೇಳಿಸುತ್ತಿತ್ತು. ಆದರೂ ಕಣ್ಣು ಆಂಪ್ ಬಿಟ್ಟು ಕದಲುತ್ತಿರಲಿಲ್ಲ. ಮೂರನೆಯ ಹಾಡಿನ ನಡುವೆ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಕೀಬೋರ್ಡಿನವನೂ ಅದನ್ನು ನೋಡಿದ. ಅವನ ಎಡಗೈ ಮೇಲೆದ್ದು ಕೀಗಳ ಮೇಲೆ ಕಾಯುತ್ತಾ ನಿಂತಿತು.

ಕೇಬಲ್ ಕೀಳೋಣವೇ ಎಂದು ಹತ್ತಿರ ಸರಿದೆ. ಆಗ ಕಂಡಿತು. ಆಂಪಿನ ಪಕ್ಕದ ಜಾಲರಿಗೆ ಸೇವಂತಿಗೆಯ ಎಸಳುಗಳು ಅಂಟಿಕೊಂಡಿದ್ದವು. ಹಾರದ ಹೂಗಳೇ ಒಳಕ್ಕೆ ಎಳೆದ ಹಾಗೆ ಜಾಲರಿಗೆ ಒತ್ತಿಕೊಂಡಿದ್ದವು. ಗಾರ್ಮೆಂಟ್ಸಿನಲ್ಲಿ ಮೆಷಿನ್ ಮೋಟಾರಿನ ಕಿಂಡಿಗೆ ನೂಲಿನ ಧೂಳು ಹೀಗೇ ಮೆತ್ತಿಕೊಳ್ಳುತ್ತದೆ. ಒರೆಸದಿದ್ದರೆ ಮೋಟಾರ್ ಕಾದು ನಿಲ್ಲುತ್ತದೆ. ಅದಕ್ಕಾಗಿ ನಾನು ದಿನಾ ಹುಡುಗಿಯರಿಗೆ ಬೈಯುತ್ತೇನೆ. ಆಂಪಿನ ಫ್ಯಾನ್ ಗಾಳಿ ಎಳೆಯುವ ಜಾಗವದು! ಕೆಂಗೇರಿಯಲ್ಲಿ ಹಾರ ಇತ್ತು, ಮನೆಯಲ್ಲಿ ಇರಲಿಲ್ಲ. ನನ್ನ ಹಳೆಯ ಆಂಪಿಗೆ ಫ್ಯಾನೇ ಇರಲಿಲ್ಲ, ಆದ್ದರಿಂದ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ.

ಹಾಡು ಮುಗಿಯಿತು. ಮೇಷ್ಟ್ರು ಜನರ ಕಡೆ ತಿರುಗಿ ಮಾತಾಡುತ್ತಿದ್ದರು. ಕೇಬಲ್ ಕಿತ್ತರೆ ಯಾರಿಗೂ ನೋವಿಲ್ಲ, ಆದರೆ ನನ್ನ ಸದ್ದು ತಗ್ಗುತ್ತದೆ, ಜಾಗ ಹೋಗುತ್ತದೆ. ಹಾರ ತೆಗೆದರೆ ಸದ್ದು ಉಳಿಯುತ್ತದೆ, ಮೇಷ್ಟ್ರು ಉಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಹೋಗುವುದೇ ಆದರೆ ಕೇಳಿಸಿಯೇ ಹೋಗುತ್ತೇನೆ ಎಂದುಕೊಂಡು ಹಾರದ ತುದಿ ಬಿಚ್ಚಿದೆ.

ಮೇಷ್ಟ್ರು ಅದೇ ಕ್ಷಣ ತಿರುಗಿದರು. ಮೈಕನ್ನು ಸೊಂಟದ ಕೆಳಗೆ ಇಳಿಸಿ ಹತ್ತಿರ ಬಂದರು.

"ಏನಮ್ಮಾ ಮಾಡ್ತಿದ್ದೀಯಾ?"

"ಮೇಷ್ಟ್ರೇ, ಹೂ ಗಾಳಿಗೆ ಅಡ್ಡ ಕೂತಿದೆ. ಇದಕ್ಕೆ ಉಸಿರು ಕಟ್ತಿದೆ."

"ಪೂಜೆ ಮಾಡಿ ಹಾಕಿದ ಹೂ ಅದು. ಮುಟ್ಬೇಡ."

"ಅಮ್ಮ ಇದ್ದಿದ್ರೆ ಅವರೇ ತೆಗೀತಿದ್ರು!"

ಬಾಯಿಂದ ಬಿದ್ದುಹೋಯಿತು. ನಾನು ಕಂಡೇ ಇರದ ಮೇಷ್ಟ್ರ ಹೆಂಡತಿಯ ಹೆಸರಲ್ಲಿ ಮಾತಾಡಿಬಿಟ್ಟಿದ್ದೆ. ಮೇಷ್ಟ್ರ ಮುಖದಿಂದ ರಕ್ತ ಇಳಿದುಹೋಯಿತು. ಜನ ಕೆಳಗಿನಿಂದ "ಹಾಡು, ಹಾಡು" ಎಂದು ಕೂಗುತ್ತಿದ್ದರು. ಹಾರವನ್ನು ನೆಲಕ್ಕೆ ಹಾಕುವಂತಿರಲಿಲ್ಲ, ಇಡಲು ಜಾಗ ಇರಲಿಲ್ಲ. ನನ್ನ ಕೊರಳಿಗೇ ಹಾಕಿಕೊಂಡು, ಜಾಲರಿಯ ಎಸಳುಗಳನ್ನು ಸೆರಗಿನಿಂದ ಒರೆಸಿ, ಗಿಟಾರ್ ಹಿಡಿದು ನಿಂತೆ. ಮೇಷ್ಟ್ರು ಮುಂದೆ ಹೋಗಿ ಹಾಡಿನ ಹೆಸರು ಹೇಳಿದರು. ದನಿ ಒಡೆದಿತ್ತು.

ಆ ಹಾಡಿನಷ್ಟು ಉದ್ದದ ಹಾಡನ್ನು ನಾನು ನುಡಿಸಿಲ್ಲ. ದೀಪ ಮತ್ತೊಮ್ಮೆ ಮಿನುಗಿತು. ಎಡಗೈ ಕೀಗಳ ಮೇಲೆ ಕಾಯುತ್ತಲೇ ಇತ್ತು. ಆಂಪಿನ ಪಕ್ಕದಿಂದ ಫ್ಯಾನಿನ ಗಾಳಿಯ ಸದ್ದು ಮೊದಲ ಸಲ ಕೇಳಿಸಿತು. ಮುಂದಿನ ಹಾಡಿಗೆ ದೀಪ ಆರಿಯೇ ಇತ್ತು. ಅದರ ಮುಂದಿನದಕ್ಕೂ ಆರಿಯೇ ಇತ್ತು. ಆಂಪಿನ ಮೇಲೆ ಕೈ ಇಟ್ಟು ನೋಡಿದೆ, ಕಾವು ಇಳಿಯುತ್ತಿತ್ತು. ಕೀಬೋರ್ಡಿನವನು ಎಡಗೈ ಇಳಿಸಿ ಹಣೆಯ ಬೆವರು ಒರೆಸಿಕೊಂಡ. ಮಂಗಳದ ತನಕ ಆ ಕೈ ನನ್ನ ಬೇಸನ್ನು ಮುಟ್ಟಲಿಲ್ಲ.

ಕೊನೆಗೆ ಕೊರಳಿನಿಂದ ಹಾರ ತೆಗೆದು ಮೇಷ್ಟ್ರಿಗೆ ಕೊಟ್ಟೆ. "ಆ ಮಾತು ಆಡಬಾರದಿತ್ತು ಮೇಷ್ಟ್ರೇ" ಎಂದೆ. ಅವರು ಹಾರವನ್ನು ಕವರಿನಲ್ಲಿ ಮಡಿಸಿಟ್ಟುಕೊಂಡು ವ್ಯಾನ್ ಹತ್ತಿದರು. ಬೇಸ್ ಕೇಳಿಸಿತು ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಆ ವಾರ ಗಾರ್ಮೆಂಟ್ಸಿನಲ್ಲಿ ಫೋನ್ ನಡುಗಿದಾಗಲೆಲ್ಲ ಮೇಷ್ಟ್ರೇ ಇರಬೇಕೆಂದು ತೆಗೆದು ನೋಡಿದೆ. "ಏನಕ್ಕಾ, ಇವತ್ತು ಬೈತಾನೇ ಇಲ್ಲ?" ಎಂದು ಹುಡುಗಿಯರು ಕೇಳಿದರು. ಬಾಕ್ಸ್ ವಾಪಸ್ ಕೊಡೋಣವೇ ಎಂದು ನಮ್ಮನೆಯವರು ಮೆಲ್ಲಗೆ ಕೇಳಿದಾಗ ಅಳು ಬಂತು. ಶುಕ್ರವಾರ ಫೋನ್ ಬಂತು.

"ಭಾನುವಾರ ಬಸವೇಶ್ವರನಗರ. ಎರಡೂ ಬಾಕ್ಸ್ ತಗೊಂಬಾ" ಎಂದಷ್ಟೇ ಹೇಳಿ ಮೇಷ್ಟ್ರು ಇಟ್ಟುಬಿಟ್ಟರು.

ಬಸವೇಶ್ವರನಗರದ ಸ್ಟೇಜಿನಲ್ಲಿ ಅವರು ತಟ್ಟೆ ಹಿಡಿದು ಡ್ರಮ್ಸಿಗೆ ಹಾಕಿದರು, ಕೀಬೋರ್ಡಿಗೆ ಹಾಕಿದರು. ನನ್ನ ಹತ್ತಿರ ಬಂದು ನಿಂತರು. ಮತ್ತೆ ಸುತ್ತುತ್ತಾರೋ, ಹಾಕದೇ ಹೋಗುತ್ತಾರೋ ತಿಳಿಯದೆ ನಾನು ಪಕ್ಕಕ್ಕೆ ಸರಿದೆ. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಆಂಪಿನ ಮುಂದೆ ಬಗ್ಗಿದರು.

"ಇದಕ್ಕೆ ಮೂಗೆಲ್ಲಿದೆ, ತೋರ್ಸಮ್ಮ."

ಪಕ್ಕದ ಜಾಲರಿ ತೋರಿಸಿದೆ. ಅಲ್ಲಿ ಅಂಗೈ ಹಿಡಿದು ಗಾಳಿಯನ್ನು ನೋಡಿದರು. ಆಮೇಲೆ ಹಾರವನ್ನು ಕೆಳಗಿನ ಬಾಕ್ಸಿನ ಹಿಡಿಗೆ ನೇತುಹಾಕಿ, ಕಣ್ಣಿಗೊತ್ತಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದರು:

"ನಮ್ಮವ್ಳಾಗಿದ್ರೆ ಮೊದ್ಲ ದಿನಾನೇ ಮೂಗೆಲ್ಲಿ ಅಂತ ಕೇಳಿರೋಳು."